ಫೆಡರಲ್ ಕೋರ್ಟ್ ಬಗ್ಗೆ ವಕೀಲರನ್ನು ಕೇಳಿ (ಕ್ಯಾಲಿಫೋರ್ನಿಯಾ ಉತ್ತರ ಜಿಲ್ಲೆ)

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಸಂಜೆ ನಮ್ಮ ಬೇ ಏರಿಯಾ ಗುಂಪಿನ ವಕೀಲೆ ಮೇಡಂ ಉತ್ತರ ಕೊಡುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್, ಸ್ಯಾನ್ ಹೋಸೆಯಲ್ಲಿ ಕೂರುವ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟ್ ಬಗ್ಗೆ ಮಾತ್ರ ಕೇಳಿ.

ಫ್ರೀಮಾಂಟ್ ಸದಸ್ಯ: ಮೇಡಂ, ಸ್ಪೀಡಿಂಗ್ ಟಿಕೆಟ್ ಬಂದಿದೆ. ಅಲ್ಲಿಗೇ ಹೋಗಬೇಕಾ?

ವಕೀಲೆ: ಇಲ್ಲ. ಟಿಕೆಟ್, ಡೈವೋರ್ಸ್, ಬಾಡಿಗೆ ಜಗಳ ಇವೆಲ್ಲ ಕೌಂಟಿಯ ಸುಪೀರಿಯರ್ ಕೋರ್ಟಿಗೆ. ಹೆಸರಿನಲ್ಲಿ 'ಡಿಸ್ಟ್ರಿಕ್ಟ್' ಇದೆ ಅಂತ ಊರಿನ ಜಿಲ್ಲಾ ಕೋರ್ಟ್ ಅಂದುಕೊಳ್ಳಬೇಡಿ, ಇದು ಅಮೆರಿಕದ ಕೇಂದ್ರ ಮಟ್ಟದ ಕೋರ್ಟ್.

ಸನಿವೇಲ್ ಸದಸ್ಯೆ: ನನ್ನ ಹಳೇ ಕಂಪನಿ ಮೇಲೆ ಕೇಸ್ ಇದೆಯಂತೆ. ಕಾಗದಪತ್ರ ನಾನು ನೋಡಬಹುದಾ?

ವಕೀಲೆ: ಯಾರು ಬೇಕಾದರೂ ನೋಡಬಹುದು. ಪೇಸರ್ ಎಂಬ ತಾಣದಲ್ಲಿ ಖಾತೆ ಮಾಡಿಕೊಳ್ಳಿ. ಪುಟಕ್ಕೆ 10 ಸೆಂಟ್, ಒಂದು ದಾಖಲೆಗೆ ಹೆಚ್ಚೆಂದರೆ 3 ಡಾಲರ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಏನೂ ಕೊಡಬೇಕಾಗಿಲ್ಲ.

ಸ್ಯಾನ್ ಹೋಸೆ ಸದಸ್ಯ: ಅಪ್ಪನಿಗೆ 68. ಗ್ರೀನ್ ಕಾರ್ಡ್ ಇದೆ. ಅವರಿಗೆ ಜ್ಯೂರಿ ಫಾರ್ಮ್ ಬಂತು. ನಾನು ಆಫೀಸಿನಲ್ಲಿದ್ದೆ, ಅವರೇ ತುಂಬಿಸಿದ್ದಾರೆ. 'ನೀವು ಅಮೆರಿಕದ ಪ್ರಜೆಯೇ' ಎಂಬಲ್ಲಿ ಹೌದು ಎಂದು ಗುರುತು ಹಾಕಿ, ಸಹಿ ಮಾಡಿ, ಸೋಮವಾರ ಪೋಸ್ಟ್ ಮಾಡಿದ್ದಾರಂತೆ. ತೊಂದರೆ ಏನಿಲ್ಲ ಅಲ್ವಾ?

ವಕೀಲೆ: ಇದೆ. ದಯವಿಟ್ಟು ನಿಧಾನವಾಗಿ ಓದಿ. ಜ್ಯೂರಿಗೆ, ಅಂದರೆ ಕೇಸ್ ಕೇಳಿ ತೀರ್ಪು ಹೇಳುವ ಸಾಮಾನ್ಯ ಪ್ರಜೆಗಳ ಗುಂಪಿಗೆ, ಹೆಸರು ತೆಗೆಯುವುದು ಮತದಾರರ ಪಟ್ಟಿಯಿಂದ ಮಾತ್ರ ಅಲ್ಲ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ತೆಗೆಯುತ್ತಾರೆ. ಅದಕ್ಕೇ ಗ್ರೀನ್ ಕಾರ್ಡ್ ಇದ್ದವರಿಗೂ ಫಾರ್ಮ್ ಬರುತ್ತದೆ. ಅದರಲ್ಲಿ ಪ್ರಜೆ ಅಲ್ಲ ಎಂದು ಬರೆದು ಕಳಿಸಿದರೆ ಮುಗಿಯಿತು, ಬಿಟ್ಟುಬಿಡುತ್ತಾರೆ. ಆದರೆ ಹೌದು ಎಂದು ಬರೆದು ಸಹಿ ಹಾಕಿದರೆ ಅದು ಪೌರತ್ವದ ಸುಳ್ಳು ಹೇಳಿಕೆ ಎಂಬ ಪ್ರಶ್ನೆ ಏಳುತ್ತದೆ. 1996ರ ವಲಸೆ ಕಾನೂನು ಇದನ್ನು ದೇಶದಿಂದ ಹೊರಗೆ ಕಳಿಸುವ ಕಾರಣಗಳಲ್ಲಿ ಸೇರಿಸಿದೆ. ಗೊತ್ತಾಗದೆ ಬರೆದೆ ಎನ್ನುವ ಮಾತು ಒಂದೇ ಸಾಲದೆ ಹೋಗಬಹುದು. ಮುಂದೆ ಪೌರತ್ವದ ಅರ್ಜಿಯಲ್ಲಿಯೂ 'ಎಂದಾದರೂ ಪ್ರಜೆ ಎಂದು ಹೇಳಿಕೊಂಡಿದ್ದೀರಾ' ಎಂದು ಕೇಳುತ್ತಾರೆ. ಗುರುತು ಹಾಕಿದ ಮಾತ್ರಕ್ಕೆ ನಾಳೆಯೇ ಕಾರ್ಡ್ ಹೋಗುವುದಿಲ್ಲ, ವಾದಕ್ಕೆ ಜಾಗ ಇದೆ. ತಪ್ಪನ್ನು ತಾವಾಗಿಯೇ ಬೇಗ ತಿದ್ದಿಕೊಂಡರೆ ಅದಕ್ಕೆ ಬೆಲೆಯಿದೆ. ಆದರೆ ತಿದ್ದುವ ಪತ್ರವನ್ನು ಅಪ್ಪ ಬರೆಯಬಾರದು, ನೀವೂ ಬರೆಯಬಾರದು. ವಲಸೆ ಕೇಸ್ ಮಾಡುವ ವಕೀಲರನ್ನು ಇವತ್ತೇ ಹಿಡಿಯಿರಿ. ಅಪ್ಪ ಊರಿಗೆ ಹೊರಟಿದ್ದಾರಾ?

ಮಿಲ್ಪಿಟಾಸ್ ಸದಸ್ಯ: ಇಷ್ಟೆಲ್ಲಾ ಯಾಕೆ? ನನಗೆ ಬಂದ ಫಾರ್ವರ್ಡ್ ನೋಡಿ: 'ಜ್ಯೂರಿ ಲಕೋಟೆ ಒಡೆಯದೆ, ಮೇಲೆ ವಾಪಸ್ ಎಂದು ಬರೆದು ಕಳಿಸಿ, ಕೋರ್ಟ್ ಏನೂ ಮಾಡುವ ಹಾಗಿಲ್ಲ.'

ವಕೀಲೆ: ಮಾಡಬಹುದು. 1000 ಡಾಲರ್‌ವರೆಗೆ ದಂಡ, ಮೂರು ದಿನದವರೆಗೆ ಜೈಲು, ಎರಡಕ್ಕೂ ಕಾನೂನಿನಲ್ಲಿ ಅವಕಾಶ ಇದೆ. ಇಂಥದ್ದನ್ನು ಇಲ್ಲಿ ಹಾಕಬೇಡಿ. ಇನ್ನೊಂದು ಮಾತು, 'ಜ್ಯೂರಿಗೆ ಬರಲಿಲ್ಲ, ವಾರಂಟ್ ಇದೆ, ಗಿಫ್ಟ್ ಕಾರ್ಡಿನಲ್ಲಿ ಹಣ ಕಟ್ಟಿ' ಎಂದು ಫೋನ್ ಬಂದರೆ ಅದು ಮೋಸ. ಕೋರ್ಟ್ ಫೋನ್ ಮಾಡಿ ಹಣ ಕೇಳುವುದಿಲ್ಲ.

ಮಿಲ್ಪಿಟಾಸ್ ಸದಸ್ಯ: ನನ್ನ ಸ್ನೇಹಿತ ಹಾಗೇ ಮಾಡಿದ, ಏನೂ ಆಗಲಿಲ್ಲ.

ಡಬ್ಲಿನ್ ಸದಸ್ಯೆ: ಅವನಿಗೆ ಆಗಲಿಲ್ಲ ಅಂತ ಎಲ್ಲರಿಗೂ ಹೇಳ್ತೀರಾ? ನಾನು ಎಂಟು ದಿನ ಜ್ಯೂರಿಯಲ್ಲಿ ಕೂತಿದ್ದೆ. ದಿನಕ್ಕೆ 50 ಡಾಲರ್. ಕಷ್ಟವೇ ಆಯಿತು, ಆದರೂ ಹೋದೆ. ನಮ್ಮ ಮಕ್ಕಳಿಗೆ ಇಲ್ಲಿ ಹುಟ್ಟಿದ್ದಕ್ಕೆ ಪೌರತ್ವದ ಹಕ್ಕು ಸಿಕ್ಕಿದ್ದೇ ಇಂಥ ಕೋರ್ಟಿನಿಂದ.

ಮಿಲ್ಪಿಟಾಸ್ ಸದಸ್ಯ: ಅದು ಸುಪ್ರೀಂ ಕೋರ್ಟ್. ಇತಿಹಾಸ ಓದಿ.

ಡಬ್ಲಿನ್ ಸದಸ್ಯೆ: ನೀವೇ ಓದಿ.

ವಕೀಲೆ: ಇಬ್ಬರೂ ನಿಲ್ಲಿಸಿ. ಆ ಹಕ್ಕಿನ ಕೇಸ್ ವಾಂಗ್ ಕಿಮ್ ಆರ್ಕ್ ಎಂಬ ಚೀನೀ ಮೂಲದವನದು, ಅವನು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿದವನು. 1895ರಲ್ಲಿ ಚೀನಾದಿಂದ ಮರಳಿ ಬಂದಾಗ ದಡಕ್ಕೆ ಇಳಿಯಲು ಬಿಡದೆ ಹಡಗಿನಲ್ಲೇ ಹಿಡಿದಿಟ್ಟರು. ಅವನು ಪ್ರಜೆ ಎಂದು 1896ರಲ್ಲಿ ಮೊದಲು ಹೇಳಿದ್ದು ಇದೇ ಕೋರ್ಟಿನ ನ್ಯಾಯಾಧೀಶ ವಿಲಿಯಂ ಮಾರೊ. ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದದ್ದು 1898ರಲ್ಲಿ. ಈ ಕೋರ್ಟ್ ತಪ್ಪನ್ನೂ ಮಾಡಿದೆ. 1942ರಲ್ಲಿ ಜಪಾನಿ ಮೂಲದ ಫ್ರೆಡ್ ಕೊರೆಮಾಟ್ಸುಗೆ, ಜಪಾನಿ ಮೂಲದವರು ಜಾಗ ಖಾಲಿ ಮಾಡಬೇಕೆಂಬ ಯುದ್ಧಕಾಲದ ಆದೇಶದಂತೆ ಮನೆ ಬಿಟ್ಟು ಹೋಗಲಿಲ್ಲ ಎಂದು ಶಿಕ್ಷೆ ಕೊಟ್ಟದ್ದೂ ಇಲ್ಲೇ. ಸರ್ಕಾರ ಸಾಕ್ಷ್ಯ ಮುಚ್ಚಿಟ್ಟಿತ್ತು ಎಂದು ಗೊತ್ತಾದ ಮೇಲೆ, 1983ರಲ್ಲಿ ನ್ಯಾಯಾಧೀಶೆ ಮೆರಿಲಿನ್ ಹಾಲ್ ಪಟೇಲ್ ಇದೇ ಕೋರ್ಟಿನಲ್ಲಿ ಅದನ್ನು ರದ್ದು ಮಾಡಿದರು. 41 ವರ್ಷ ಬೇಕಾಯಿತು. ನನಗೆ ಈ ಕೋರ್ಟಿನ ಮೇಲೆ ಗೌರವ ಇರುವುದು ಈ ಎರಡನೆಯ ತೀರ್ಪಿಗಾಗಿಯೇ.

ಕ್ಯುಪರ್ಟಿನೊ ಸದಸ್ಯ: ಮೇಡಂ, ವಕೀಲರಿಲ್ಲದೆ ನಾನೇ ಕೇಸ್ ಹಾಕಬಹುದಾ? ಶುಲ್ಕ ಎಷ್ಟು?

ವಕೀಲೆ: ಹಾಕಬಹುದು. 405 ಡಾಲರ್. ಕೊಡಲಾಗದಿದ್ದರೆ ಮನ್ನಾಕ್ಕೆ ಅರ್ಜಿ ಹಾಕಿ. ವಕೀಲರಿಲ್ಲದವರಿಗೆ ಉಚಿತ ಸಲಹಾ ಕೇಂದ್ರ ಇದೆ, ಮೊದಲು ಅಲ್ಲಿಗೆ ಹೋಗಿ.

ಹೇವರ್ಡ್ ಸದಸ್ಯ: ರೆಡ್ ಲೈಟ್ ಟಿಕೆಟ್ ಬಂದರೆ?

ವಕೀಲೆ: ಮೇಲೆ ಓದಿ.

ಹೇವರ್ಡ್ ಸದಸ್ಯ: ಒಂದು ಮಾತು ಹೇಳಿದರೆ ಏನಾಗುತ್ತೆ ಮೇಡಂ? ಕೇಳಿ ಅಂತ ಕರೆದಿದ್ದು ನೀವೇ ತಾನೇ.

ಅಡ್ಮಿನ್: ದಯವಿಟ್ಟು ಸಮಾಧಾನ.

ಪ್ಲೆಸೆಂಟನ್ ಸದಸ್ಯೆ: ನನ್ನ ಪೌರತ್ವದ ಅರ್ಜಿ ಎರಡು ವರ್ಷದಿಂದ ಕೂತಿದೆ. ಫೆಡರಲ್ ಕೋರ್ಟಿನಲ್ಲಿ ಕೇಸ್ ಹಾಕಿದರೆ ಬೇಗ ಆಗುತ್ತಂತೆ, ನಿಜವಾ?

ಮಿಲ್ಪಿಟಾಸ್ ಸದಸ್ಯ: ಅದಕ್ಕೂ ನನ್ನ ಹತ್ತಿರ ಒಂದು ಫಾರ್ವರ್ಡ್ ಇದೆ.

ಡಬ್ಲಿನ್ ಸದಸ್ಯೆ: ಅಡ್ಮಿನ್, ಇವರನ್ನು ತೆಗೆಯಿರಿ.

ಸ್ಯಾನ್ ಹೋಸೆ ಸದಸ್ಯ: ಮೇಡಂ, ಈಗ ನೋಡಿದೆ. ಅಪ್ಪ ಶುಕ್ರವಾರ ಬೆಂಗಳೂರಿಗೆ ಹೊರಡಬೇಕು. ತಂಗಿ ಮನೆಯ ಗೃಹಪ್ರವೇಶ. ಟಿಕೆಟ್ ವಾಪಸ್ ಆಗುವುದಿಲ್ಲ.

ವಕೀಲೆ: ಟಿಕೆಟ್ ಹೋಗಲಿ. ವಕೀಲರು ಕಾಗದ ನೋಡುವವರೆಗೆ ಅಪ್ಪ ವಿಮಾನ ಹತ್ತಬಾರದು. ಮರಳಿ ಬರುವಾಗ ಏರ್‌ಪೋರ್ಟಿನಲ್ಲಿ ಈ ಪ್ರಶ್ನೆ ಎದ್ದರೆ ಅವರ ಪಕ್ಕದಲ್ಲಿ ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ. ಫಾರ್ಮಿನ ಫೋಟೊ ಇದ್ದರೆ ಇಟ್ಟುಕೊಳ್ಳಿ, ಇಲ್ಲಿ ಹಾಕಬೇಡಿ. ನನಗೆ ಬೇರೆಯಾಗಿ ಮೆಸೇಜ್ ಮಾಡಿ. ಉಳಿದವರ ಪ್ರಶ್ನೆ ಇವತ್ತು ಆಗುವುದಿಲ್ಲ.

ಹೇವರ್ಡ್ ಸದಸ್ಯ: ಹಾಗಾದರೆ ನನ್ನ ಟಿಕೆಟ್?