ಗಾಯಗೊಂಡು ಮನೆಗೆ ಮರಳಿದ ಸೈನಿಕನ ಪ್ರೇಮಕಾದಂಬರಿ: ನಾಯಕಿ ದಾದಿಯೇ ಆಗಬೇಕೆ?

ಕಣಜದ ಓದುಗಿ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಯುದ್ಧದಲ್ಲಿ ಗಾಯಗೊಂಡು ಊರಿಗೆ ಮರಳುವ ಸೈನಿಕ ಮತ್ತು ಅನಂತರ ಅವನ ಬದುಕಿಗೆ ಬರುವ ಹೆಣ್ಣು, ಇವರಿಬ್ಬರ ಸುತ್ತ ಹೆಣೆದ ಪ್ರೇಮಕಾದಂಬರಿಗಳನ್ನು ನಾನು ಕಾಲೇಜಿನ ದಿನಗಳಿಂದಲೂ ಓದುತ್ತ ಬಂದಿದ್ದೇನೆ. ಇಂಗ್ಲಿಷಿನಲ್ಲಿ ಇದು ಪ್ರತ್ಯೇಕ ಕವಲಾಗಿಯೇ ಬೆಳೆದಿದೆ. 1815ರ ವಾಟರ್‌ಲೂ ಕದನದಿಂದ ಕುಂಟುತ್ತ ಬಂದ ಜಮೀನ್ದಾರನಿಂದ ಹಿಡಿದು ಇರಾಕ್, ಅಫ್ಘಾನಿಸ್ತಾನಗಳಿಂದ ಮರಳಿದ ಅಮೆರಿಕದ ಯೋಧನವರೆಗೆ ಅಲ್ಲಿ ನಾಯಕರಿಗೆ ಬರವಿಲ್ಲ. ಕನ್ನಡದಲ್ಲಿ ಸೈನಿಕನ ಪ್ರೇಮವೆಂದರೆ ನಮ್ಮ ತಲೆಮಾರಿಗೆ ತಟ್ಟನೆ ನೆನಪಾಗುವುದು 1990ರ ‘ಮುತ್ತಿನ ಹಾರ’ ಚಿತ್ರದ ವಿಷ್ಣುವರ್ಧನ್ ಮತ್ತು ಸುಹಾಸಿನಿ. ಅಲ್ಲಿಯೂ ನಾಯಕಿ ದಾದಿಯೇ.

ಈಗ ಅಂಥದೊಂದು ಕಾದಂಬರಿಯನ್ನು ನಾನೇ ಬರೆಯಲು ಕುಳಿತಿದ್ದೇನೆ. ನಾಯಕನು ಹುಮನಾಬಾದ್ ಕಡೆಯ ರೈತನ ಮಗ. 1999ರಲ್ಲಿ ಕಾರ್ಗಿಲ್‌ನಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ಕಳೆದುಕೊಂಡವನು. ಬರೆದಷ್ಟೂ ಎಲ್ಲವೂ ಹಳೆಯ ಅಚ್ಚಿನಲ್ಲೇ ಬಂದು ಬೀಳುತ್ತಿದೆ: ಕತ್ತಲೆ ಕೋಣೆಯಲ್ಲಿ ಸಿಡುಕುವ ನಾಯಕ, ಎಲ್ಲವನ್ನೂ ಸಹಿಸಿಕೊಳ್ಳುವ ದಾದಿ, ಕೊನೆಯ ಅಧ್ಯಾಯದಲ್ಲಿ ಮೂಲೆ ಸೇರುವ ಊರುಗೋಲು. ಇದನ್ನು ಬಿಟ್ಟು ಬೇರೆ ದಾರಿ ಹುಡುಕೋಣವೆಂದರೆ ನಮ್ಮ ಪರಂಪರೆಯಲ್ಲಿಯೂ ಮಾದರಿ ಸಿಗುತ್ತಿಲ್ಲ. ವೀರಗಲ್ಲುಗಳ ಮೇಲೆ ಕಾಣುವ ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂಬ ಶ್ಲೋಕವು ಗೆದ್ದವನಿಗೆ ಸಂಪತ್ತನ್ನೂ ಸತ್ತವನಿಗೆ ದೇವಕನ್ಯೆಯರನ್ನೂ ಕೊಟ್ಟು ಮುಗಿಸುತ್ತದೆ. ಗೆಲ್ಲುವ ಮೊದಲೇ ಗುಂಡು ತಿಂದು, ಸಾಯದೆ ಬದುಕಿ, ಎತ್ತಿನ ಗಾಡಿಯಲ್ಲಿ ಮನೆಗೆ ಬಂದವನಿಗೆ ಏನು ಸಿಕ್ಕಿತು, ಅವನನ್ನು ಯಾರು ಮದುವೆಯಾದರು ಎಂಬುದನ್ನು ಆ ಕಲ್ಲು ಹೇಳುವುದಿಲ್ಲ.

ನನ್ನ ಪ್ರಶ್ನೆ ಇಷ್ಟು. ನಾಯಕಿ ಯಾರಾಗಿರಬೇಕು? ಪ್ರೇಮದಿಂದ ಗಾಯ ಎಷ್ಟು ಮಾಯಬಹುದು? ನಮ್ಮ ಕಡೆಯ ಓದುಗರು ನಂಬುವಂತೆ ಇದನ್ನು ಬರೆಯಲು ಯಾವ ವಿವರಗಳು ಬೇಕಾಗುತ್ತವೆ?

ಸಂಜೆ ಓದು, ಕಲಬುರಗಿ:

ಮೇಡಂ, ಸುಖಾಂತ್ಯದ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ‘ನಂಬುವಂತೆ’ ಎಂದ ಕೂಡಲೇ ಜನ ಅದನ್ನೇ ಕತ್ತರಿಸಲು ಹೊರಡುತ್ತಾರೆ. ಪ್ರೇಮಕಾದಂಬರಿಯನ್ನು ಕೈಗೆತ್ತಿಕೊಳ್ಳುವ ಓದುಗನಿಗೂ ಬರೆಯುವವರಿಗೂ ನಡುವೆ ಒಂದು ಕರಾರಿದೆ: ಇವರಿಬ್ಬರೂ ಕೊನೆಗೆ ಕೂಡುತ್ತಾರೆ. ಅದನ್ನು ಮುರಿದರೆ ನೀವು ಬೇರೊಂದು ಕಾದಂಬರಿಯನ್ನು ಬರೆದಂತೆ, ಇದನ್ನಲ್ಲ. ಆದರೆ ಕಾಲು ಸರಿಹೋಗಬೇಕು, ಕಣ್ಣು ಬರಬೇಕು, ದುಃಸ್ವಪ್ನ ನಿಲ್ಲಬೇಕು ಎಂಬುದು ಆ ಕರಾರಿನಲ್ಲಿ ಎಂದೂ ಇರಲಿಲ್ಲ. ಅದನ್ನು ಬರಹಗಾರರು ಸುಲಭವಾಗಲೆಂದು ತಾವೇ ಸೇರಿಸಿಕೊಂಡದ್ದು.

1847ರ ‘ಜೇನ್ ಐರ್’ ಕಾದಂಬರಿಯ ರಾಚೆಸ್ಟರ್ ಸೈನಿಕನಲ್ಲ, ಆದರೂ ಅಂಗ ಕಳೆದುಕೊಂಡ ನಾಯಕನ ಪಡಿಯಚ್ಚನ್ನು ಅವನಲ್ಲಿ ನೋಡಬಹುದು. ಬೆಂಕಿಯಲ್ಲಿ ಒಂದು ಕೈಯನ್ನೂ ದೃಷ್ಟಿಯನ್ನೂ ಕಳೆದುಕೊಂಡ ಅವನಿಗೆ ಮದುವೆಯಾದ ಮೇಲೆ ಒಂದು ಕಣ್ಣಿನ ದೃಷ್ಟಿ ಸ್ವಲ್ಪ ಮರಳುತ್ತದೆ, ಕೈ ಮಾತ್ರ ಹೋದದ್ದು ಹೋದಂತೆಯೇ. ಇದಕ್ಕಿಂತ ಕಠಿಣವಾದದ್ದು ರೆಬೆಕಾ ವೆಸ್ಟ್ 1918ರಲ್ಲಿ ಬರೆದ ‘ದಿ ರಿಟರ್ನ್ ಆಫ್ ದ ಸೋಲ್ಜರ್’. ಅದರ ನಾಯಕನು ಮೈಯಲ್ಲಿ ಗಾಯವಿಲ್ಲದೆ, ಕಳೆದ ಹದಿನೈದು ವರ್ಷಗಳ ನೆನಪನ್ನೇ ಕಳೆದುಕೊಂಡು ಬರುತ್ತಾನೆ. ಹೆಂಡತಿಯ ಗುರುತು ಹತ್ತುವುದಿಲ್ಲ, ಹಳೆಯ ಪ್ರೇಯಸಿಯೊಬ್ಬಳೇ ನೆನಪಿನಲ್ಲಿದ್ದಾಳೆ. ಅವನನ್ನು ಗುಣಪಡಿಸಿದರೆ ಅವನು ಮತ್ತೆ ಯುದ್ಧಭೂಮಿಗೆ ಹೋಗಬೇಕು. ಅವನನ್ನು ಪ್ರೀತಿಸುವವಳೇ ಆ ನೆನಪನ್ನು ಮರಳಿಸುತ್ತಾಳೆ. ಗುಣವಾಗುವುದೆಂದರೆ ಸುಖವೆಂದು ತಿಳಿದು ಬರೆಯುವ ಎಲ್ಲರೂ ಈ ಸಣ್ಣ ಪುಸ್ತಕವನ್ನು ಒಮ್ಮೆ ಓದಬೇಕೆಂಬುದು ನನ್ನ ಹಟ.

ಬಿಸಿಲೂರು, ಕಲಬುರಗಿ:

ಒರಟಾಗಿ ಹೇಳಿದರೆ ಕ್ಷಮೆಯಿರಲಿ. ಇಂಥ ಕಾದಂಬರಿಗಳು ಯುದ್ಧಕ್ಕೆ ಸಕ್ಕರೆ ಸವರುತ್ತವೆ ಎಂಬುದು ನನ್ನ ಅಭಿಪ್ರಾಯ. ಕಾಲು ಹೋದರೂ ಚೆಲುವೆಯೊಬ್ಬಳು ಸಿಕ್ಕಳು ಎಂದಾಗ ಕಾಲು ಹೋದದ್ದು ಅಗ್ಗವಾಗಿಬಿಡುತ್ತದೆ.

ಮಾಜಿ ಹವಾಲ್ದಾರ್, ಹುಮನಾಬಾದ್:

ಮೇಲಿನ ಸಾಹೇಬರಿಗೆ ಒಂದೇ ಮಾತು: ಕಾಲು ಹೋದವರೂ ಮದುವೆಯಾಗುತ್ತಾರೆ, ಮಕ್ಕಳನ್ನು ಶಾಲೆಗೆ ಬಿಡುತ್ತಾರೆ, ಹೆಂಡತಿಯೊಡನೆ ಜಗಳವಾಡುತ್ತಾರೆ. ಅದನ್ನು ಬರೆದರೆ ಯುದ್ಧಕ್ಕೆ ಸಕ್ಕರೆ ಹೇಗಾಗುತ್ತದೆಯೋ ನನಗೆ ತಿಳಿಯದು.

ಮೇಡಂ ಅವರಿಗೆ. ನಾನು ಸಾಹಿತ್ಯ ಬಲ್ಲವನಲ್ಲ, ಆದ್ದರಿಂದ ನಾನು ಕಂಡ ಪದ್ಧತಿಯನ್ನಷ್ಟೇ ತಿಳಿಸುತ್ತೇನೆ. ನಾಯಕಿ ದಾದಿಯಾಗುವುದರಲ್ಲಿ ಒಂದು ಅಡಚಣೆ ಇದೆ. ನಮ್ಮ ಸೇನೆಯ ಆಸ್ಪತ್ರೆಗಳಲ್ಲಿ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಸಿಸ್ಟರ್‌ಗಳು ಅಧಿಕಾರಿಗಳಾಗಿದ್ದು, ಲೆಫ್ಟಿನೆಂಟ್ ಹುದ್ದೆಯಿಂದ ಅವರ ಸೇವೆ ಆರಂಭವಾಗುತ್ತದೆ. ಸಿಪಾಯಿಯಾದವನು ಹಾಸಿಗೆಯಲ್ಲಿದ್ದರೂ ಅವರು ವಾರ್ಡಿಗೆ ಬಂದಾಗ ಮೈ ನೆಟ್ಟಗೆ ಮಾಡಿಕೊಳ್ಳಲು ನೋಡುತ್ತಾನೆ. ಹಗಲಿರುಳು ಅವನ ಬಳಿ ಓಡಾಡುವವನು ನರ್ಸಿಂಗ್ ಅಸಿಸ್ಟೆಂಟ್, ಮತ್ತು ಅವನಿಗೆ ಮೀಸೆ ಇರುತ್ತದೆ. ಹುದ್ದೆಯ ಈ ಅಂತರವನ್ನೇ ಕಥೆಯಾಗಿಸುವುದಾದರೆ ಅದು ಬೇರೆ ಮಾತು.

ಎರಡನೆಯದಾಗಿ, ಅವನನ್ನು ಬೇಗ ಊರಿಗೆ ತರಬೇಡಿ. ಮುಂಚೂಣಿಯಲ್ಲಿ ಗಾಯವಾದವನಿಗೆ ರೆಜಿಮೆಂಟಿನ ಏಡ್ ಪೋಸ್ಟ್‌ನಲ್ಲಿ ರಕ್ತ ನಿಲ್ಲಿಸಿ, ಅಲ್ಲಿಂದ ಹಂತಹಂತವಾಗಿ ಹಿಂದಕ್ಕೆ ಸಾಗಿಸಿ, ಶ್ರೀನಗರದ 92 ಬೇಸ್ ಆಸ್ಪತ್ರೆಗೋ ಉಧಂಪುರದ ಕಮಾಂಡ್ ಆಸ್ಪತ್ರೆಗೋ ಒಯ್ಯುತ್ತಾರೆ. ಕೃತಕ ಕಾಲಿಗಾಗಿ ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ ಇದೆ. ಅದು 1944ರಿಂದಲೂ ನಡೆಯುತ್ತಿದೆ. ಗಾಯ ಮಾಗಿ ಊತ ಇಳಿಯುವವರೆಗೆ ಕಾಲು ಜೋಡಿಸಲಾಗದು, ಹಾಗಾಗಿ ಈ ದಾರಿಯಲ್ಲಿ ತಿಂಗಳುಗಳೇ ಕಳೆಯುತ್ತವೆ. ಪುಣೆಯ ವಾರ್ಡಿನಲ್ಲಿ ಅವನು ಕತ್ತಲೆ ಕೋಣೆಯ ಸಿಡುಕನಾಗಿರುವುದಿಲ್ಲ. ಅಲ್ಲಿ ಎಲ್ಲರಿಗೂ ಒಂದಲ್ಲ ಒಂದು ಅಂಗ ಇಲ್ಲ. ಒಬ್ಬರನ್ನೊಬ್ಬರು ಗೇಲಿ ಮಾಡುತ್ತಾರೆ, ಇಸ್ಪೀಟಿನಲ್ಲಿ ಮೋಸ ಮಾಡುತ್ತಾರೆ, ಊರುಗೋಲು ಅಡಗಿಸಿಡುತ್ತಾರೆ. ತನ್ನನ್ನು ಜನ ಅಯ್ಯೋ ಎಂದು ನೋಡುತ್ತಾರೆಂಬುದು ಅವನಿಗೆ ಗೊತ್ತಾಗುವುದೇ ಉದ್ಯಾನ್ ಎಕ್ಸ್‌ಪ್ರೆಸ್‌ನಿಂದ ಗುಲ್ಬರ್ಗಾ ನಿಲ್ದಾಣದಲ್ಲಿ ಇಳಿದಾಗ. ನಿಮ್ಮ ಕಾದಂಬರಿಯ ನಿಜವಾದ ಪೆಟ್ಟು ಆ ಪ್ಲಾಟ್‌ಫಾರ್ಮಿನಲ್ಲಿ ಬೀಳಬೇಕೆಂದು ನನಗನ್ನಿಸುತ್ತದೆ.

ಅಂದಹಾಗೆ, ಆ ಕಾಲಕ್ಕೆ ನಿಲ್ದಾಣದ ಫಲಕದಲ್ಲಿ ಗುಲ್ಬರ್ಗಾ ಎಂದೇ ಇರಬೇಕು, ಕಲಬುರಗಿ ಎಂಬ ಹೆಸರು ಅಧಿಕೃತವಾದದ್ದು 2014ರ ನವೆಂಬರ್ 1ರಂದು. ಬೀದರ್–ಕಲಬುರಗಿ ರೈಲು ಆರಂಭವಾದದ್ದು 2017ರಲ್ಲಿ, ಆದ್ದರಿಂದ ಅವನು ಹುಮನಾಬಾದಿಗೆ ಬಸ್ಸಿನಲ್ಲೇ ಬರಬೇಕು. ಕೆಂಪು ಬಸ್ಸಿನ ಮೆಟ್ಟಿಲು ಎಷ್ಟು ಎತ್ತರವೆಂಬುದು ಎರಡೂ ಕಾಲಿದ್ದವರಿಗೆ ನೆನಪಿರುವುದಿಲ್ಲ.

ಮೂರನೆಯದು ಮೆಡಿಕಲ್ ಬೋರ್ಡ್. ಸೈನಿಕನ ಆರೋಗ್ಯವನ್ನು ‘ಶೇಪ್’ (SHAPE) ಎಂಬ ಐದು ಇಂಗ್ಲಿಷ್ ಅಕ್ಷರಗಳಲ್ಲಿ ಅಳೆಯುತ್ತಾರೆ. ಮನಸ್ಸು, ಕಿವಿ, ಕೈಕಾಲು, ದೈಹಿಕ ಸಾಮರ್ಥ್ಯ, ಕಣ್ಣು. ಕಾಲು ಹೋದ ಎಲ್ಲರನ್ನೂ ಮನೆಗೆ ಕಳುಹಿಸುತ್ತಾರೆಂಬುದು ತಪ್ಪು ಕಲ್ಪನೆ. ಲೋ ಮೆಡಿಕಲ್ ಕೆಟಗರಿಯಲ್ಲಿ ಸ್ಟೋರ್, ಆಫೀಸು ಮೊದಲಾದ ಕಡೆ ಉಳಿದು ಸೇವೆ ಮುಂದುವರಿಸಿದವರಿದ್ದಾರೆ, ‘ಬೋರ್ಡ್ ಔಟ್’ ಆಗಿ, ಅಂದರೆ ಸೇವೆಗೆ ಅನರ್ಹರೆಂದು ಬಿಡುಗಡೆಯಾಗಿ, ಪಿಂಚಣಿ ಪಡೆದು ಬಂದವರೂ ಇದ್ದಾರೆ. ಉಳಿಯುವುದೋ ಬರುವುದೋ ಎಂಬ ತೊಳಲಾಟದಲ್ಲಿಯೇ ಒಂದು ಪ್ರೇಮಕಥೆಗೆ ಬೇಕಾದಷ್ಟು ಸರಕಿದೆ. ಬೋರ್ಡಿನವರು ಅಂಗವೈಕಲ್ಯಕ್ಕೆ ಪ್ರತಿಶತ ನೀಡುತ್ತಾರೆ. ಬೋರ್ಡ್ ಔಟ್ ಆದವರ ಪಿಂಚಣಿ ಲೆಕ್ಕದಲ್ಲಿ 50ಕ್ಕಿಂತ ಕಡಿಮೆ ಬಂದದ್ದು 50, ಅದರ ಮೇಲೆ 75ರವರೆಗಿನದು 75, ಅದಕ್ಕೂ ಮೇಲಿನದು 100 ಎಂದು ಪರಿಗಣನೆಯಾಗುತ್ತದೆ. ನಮ್ಮ ಕಡೆ ಹೆಣ್ಣು ನೋಡುವ ಮಾತುಕತೆಯಲ್ಲಿ ಈ ಅಂಕಿ ಹೇಗೆ ಬರುತ್ತದೆಂಬುದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಹುಡುಗಿಯ ಸೋದರಮಾವ ಚಹಾದ ಕಪ್ಪು ಕೆಳಗಿಟ್ಟು, “ಪರ್ಸೆಂಟೇಜ್ ಎಷ್ಟ್ ಕೊಟ್ಟಾರ್ರಿ?” ಎಂದು ಕೇಳಿದರು. ಹುಡುಗ ಪಕ್ಕದಲ್ಲೇ ಕುಳಿತಿದ್ದ.

ಕೊನೆಯದಾಗಿ ಒಂದು ಸಲಹೆ. ಕಾರ್ಗಿಲ್ ಎಂದರೆ ಊರಿನವರು ಹಾರ ಹಾಕುತ್ತಾರೆ, ಶಾಲೆಯಲ್ಲಿ ಸನ್ಮಾನ ಮಾಡುತ್ತಾರೆ. 2001ರ ಡಿಸೆಂಬರ್‌ನಿಂದ 2002ರ ಅಕ್ಟೋಬರ್‌ವರೆಗೆ ‘ಆಪರೇಷನ್ ಪರಾಕ್ರಮ್’ ನಡೆಯಿತು; ಗಡಿಯುದ್ದಕ್ಕೂ ಸೇನೆ ನಿಂತಿತ್ತು, ಯುದ್ಧ ಮಾತ್ರ ಆಗಲಿಲ್ಲ. ಆದರೂ ನೆಲಬಾಂಬುಗಳನ್ನು ಹೂಳುವಾಗ ಮತ್ತು ತೆಗೆಯುವಾಗ ಎಷ್ಟೋ ಸೈನಿಕರು ಸತ್ತರು, ಎಷ್ಟೋ ಜನ ಕೈಕಾಲು ಕಳೆದುಕೊಂಡರು. ಆಗದ ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದವನನ್ನು “ಎಲ್ಲಿ ಹೋತು?” ಎಂದು ಕೇಳಿದರೆ ಅವನು ಏನು ಹೇಳಬೇಕು? ನಾನಾದರೆ ಅವನನ್ನೇ ನಾಯಕನಾಗಿ ಆರಿಸಿಕೊಳ್ಳುತ್ತಿದ್ದೆ.

ಭೀಮಾತೀರ, ಯಾದಗಿರಿ:

ನಾನು ಫಿಸಿಯೋಥೆರಪಿ ಕೆಲಸದಲ್ಲಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ಸೈನಿಕರು ಕಡಿಮೆ; ಸಕ್ಕರೆ ಕಾಯಿಲೆಯಿಂದ, ಬೈಕ್ ಅಪಘಾತದಿಂದ ಕಾಲು ಕಳೆದುಕೊಂಡವರೇ ಹೆಚ್ಚು. ಆದರೆ ಕಾಲು ಹೇಗೆ ಹೋಗಿದ್ದರೂ ಮನೆಗೆ ಬಂದ ಮೇಲಿನ ದಿನಚರಿ ಒಂದೇ, ಮತ್ತು ಪ್ರೇಮ ನಡೆಯಬೇಕಾದದ್ದು ಆ ದಿನಚರಿಯ ಒಳಗೆ.

ಕಡಿದ ಕಾಲಿನ ಉಳಿದ ಭಾಗವನ್ನು ನಾವೆಲ್ಲ ಸ್ಟಂಪ್ ಎನ್ನುತ್ತೇವೆ. ಅದು ದಿನವಿಡೀ ಒಂದೇ ಗಾತ್ರದಲ್ಲಿರುವುದಿಲ್ಲ; ನಡೆದಂತೆ ಕುಗ್ಗುತ್ತದೆ. ಬೆಳಿಗ್ಗೆ ಒಂದು ಹತ್ತಿಯ ಚೀಲ ಹಾಕಿ ಸಾಕೆಟ್ಟಿನಲ್ಲಿ, ಅಂದರೆ ಕೃತಕ ಕಾಲಿನ ಮೇಲ್ತುದಿಯ ಬಟ್ಟಲಿನಲ್ಲಿ, ಬಿಗಿಯಾಗಿ ಕೂತದ್ದು ಸಂಜೆಗೆ ಸಡಿಲವಾಗಿ, ಇನ್ನೊಂದು ಚೀಲ ಸೇರಿಸಬೇಕಾಗುತ್ತದೆ. ನಮ್ಮ ಮೇ ತಿಂಗಳಲ್ಲಿ, ನಲವತ್ತು ಡಿಗ್ರಿ ದಾಟಿದ ಬಿಸಿಲಲ್ಲಿ, ಆ ಸಾಕೆಟ್ಟಿನೊಳಗೆ ಬೆವರು ನಿಂತು ಚರ್ಮ ಕೆಂಪಾಗುತ್ತದೆ, ಉಜ್ಜಿ ಹುಣ್ಣಾದರೆ ಕೆಲವು ದಿನ ಕಾಲು ಹಾಕುವಂತೆಯೇ ಇಲ್ಲ. ಆ ಚೀಲಗಳನ್ನು ದಿನವೂ ಒಗೆದು ಹಗ್ಗಕ್ಕೆ ಹಾಕಬೇಕು. ಮೊದಮೊದಲು ಸೀರೆಯ ಮರೆಯಲ್ಲಿ ಒಣಗುತ್ತಿದ್ದ ಅವು ಯಾವ ದಿನದಿಂದ ಓಣಿಗೆ ಕಾಣುವಂತೆ ಒಣಗತೊಡಗಿದವು ಎಂಬುದನ್ನು ಬರೆದರೆ, ಆ ಮನೆಯಲ್ಲಿ ಏನಾಯಿತೆಂದು ಓದುಗರಿಗೆ ತಾನಾಗಿ ತಿಳಿಯುತ್ತದೆ.

ಪಂಕ್ತಿಯ ಊಟವನ್ನೂ ಮರೆಯಬೇಡಿ. ಜಾತ್ರೆಯಲ್ಲೋ ಮದುವೆಯಲ್ಲೋ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರಬೇಕಾದಾಗ ಅನೇಕರು ಕಾಲನ್ನು ಬಿಚ್ಚಿಡಬೇಕಾಗುತ್ತದೆ. 1968ರ ಸುಮಾರಿಗೆ ರೂಪುಗೊಂಡ ಜೈಪುರ ಕಾಲು ನೆಲದ ಮೇಲೆ ಕೂರುವವರಿಗೆ, ಬರಿಗಾಲಲ್ಲಿ ನಡೆಯುವವರಿಗೆ, ಕೆಸರಲ್ಲಿ ಇಳಿಯುವವರಿಗೆಂದೇ ಮಾಡಿದ್ದು. ಆದರೂ ಮಳೆಗಾಲದ ಎರೆಹೊಲದಲ್ಲಿ ಮಣ್ಣು ಮೆತ್ತಿ ಭಾರವಾದಾಗ ನಿಜವಾದ ಪಾದಕ್ಕೆ ತಿಳಿಯುವಂತೆ ಆ ಪಾದಕ್ಕೆ ತಿಳಿಯುವುದಿಲ್ಲ. ರೈತನ ಮಗನಾದ ನಿಮ್ಮ ನಾಯಕನು ತೊಗರಿ ಹೊಲಕ್ಕೆ ಇಳಿಯಲೇಬೇಕು, ಬೀಳಲೂ ಬೇಕು.

ಇನ್ನು ರಾತ್ರಿ. ಇಲ್ಲದ ಪಾದದಲ್ಲಿ ಉರಿ, ಸೆಳೆತ, ಬೆರಳು ಮಡಚಿಕೊಂಡ ಹಾಗೆ ನೋವು ಬರುವುದು ತೀರ ಸಾಮಾನ್ಯ. 1990ರ ದಶಕದಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರು ಕನ್ನಡಿಯ ಉಪಾಯವನ್ನು ತೋರಿಸಿದರು: ಎರಡು ಕಾಲುಗಳ ನಡುವೆ ಕನ್ನಡಿಯನ್ನು ನಿಲ್ಲಿಸಿ ಇರುವ ಕಾಲನ್ನು ಆಡಿಸಿದರೆ, ಇಲ್ಲದ ಕಾಲೇ ಆಡಿದಂತೆ ಕಾಣುತ್ತದೆ, ಕೆಲವರಿಗೆ ಮಡಚಿದ ಬೆರಳು ಬಿಚ್ಚಿಕೊಂಡಂತೆನಿಸಿ ನೋವು ತಗ್ಗುತ್ತದೆ, ಎಲ್ಲರಿಗೂ ಅಲ್ಲ. ನಿಮ್ಮ ಕಥೆಯ ಕಾಲಕ್ಕೆ ಅದು ಹೊಸದು, ಊರಿನ ಡಾಕ್ಟರ ಬಾಯಲ್ಲಿ ಹೇಳಿಸಬೇಡಿ. ಪುಣೆಯಲ್ಲಿ ಕಲಿತು ಬಂದನೆನ್ನಿ. ಅಲ್ಮಾರಿಯ ಕನ್ನಡಿ ಬಿಚ್ಚಿ ತಂದು, ಕರೆಂಟಿಲ್ಲದ ರಾತ್ರಿಯಲ್ಲಿ ಕಂದೀಲು ಹಚ್ಚಿ, ಅವನ ತೊಡೆಗಳ ನಡುವೆ ಆ ಕನ್ನಡಿಯನ್ನು ಅಲುಗದಂತೆ ಹಿಡಿದು ಕೂರಲು ಒಬ್ಬರು ಬೇಕು. ಅವಳ ಕೈ ಸೋಲುತ್ತದೆ, ಅವನು ಬೈಯುತ್ತಾನೆ, ಅವಳೂ ತಿರುಗಿ ಬೈಯುತ್ತಾಳೆ. ನಿಮಗೆ ಬೇಕಾದ ಪ್ರಣಯದ ದೃಶ್ಯ ಇದೇ, ಇದಕ್ಕೆ ದಾದಿಯ ತರಬೇತಿ ಬೇಕಿಲ್ಲ.

ನಾಯಕಿಯ ಬಗ್ಗೆ ನನ್ನದು ಒಂದೇ ಷರತ್ತು: ಅವಳನ್ನು ತ್ಯಾಗಮಯಿ ಮಾಡಬೇಡಿ. ಯುದ್ಧಕ್ಕೆ ಮೊದಲೇ ಅವನಿಗೆ ನಿಶ್ಚಯವಾಗಿದ್ದ ಹುಡುಗಿಯನ್ನು ಇಟ್ಟುಕೊಳ್ಳಿ. ಎರಡೂ ಮನೆಯ ಹಿರಿಯರು ಕೂಡಿ, ಅವಳ ಹಿತಕ್ಕೆಂದೇ, ಮಾತನ್ನು ಮುರಿದಿರುತ್ತಾರೆ. ಅವನೂ ದೊಡ್ಡ ಮನಸ್ಸು ಮಾಡಿ ಒಪ್ಪಿರುತ್ತಾನೆ. ಅವಳಿಗೆ ಸಿಟ್ಟು ಬಂದದ್ದು ಅವನ ಕಾಲು ಹೋದದ್ದಕ್ಕಲ್ಲ, ತನ್ನನ್ನು ಒಂದು ಮಾತು ಕೇಳದೆ ಅವನೂ ಆ ಹಿರಿಯರ ಸಾಲಿನಲ್ಲಿ ಕುಳಿತದ್ದಕ್ಕೆ. ಕ್ಷಮೆ ಕೇಳಬೇಕಾದವನು ಗಾಯಗೊಂಡವನೇ ಆಗಿದ್ದರೆ ಕರುಣೆಗೆ ಜಾಗ ಉಳಿಯುವುದಿಲ್ಲ.

ಕಣಜದ ಓದುಗಿ, ಕಲಬುರಗಿ:

ಹವಾಲ್ದಾರ್ ಸಾಹೇಬರಿಗೂ ಯಾದಗಿರಿಯ ಅಕ್ಕನವರಿಗೂ ‘ಸಂಜೆ ಓದು’ ಅವರಿಗೂ ವಂದನೆಗಳು. ದಾದಿಯನ್ನು ಕೈಬಿಟ್ಟಿದ್ದೇನೆ. ನಾಯಕಿ ಈಗ ಗುಲ್ಬರ್ಗಾದ ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುವವಳು. ನಿಶ್ಚಯ ಮುರಿದ ಮೇಲೆ ಹಟ ಹಿಡಿದು ಕೆಲಸಕ್ಕೆ ಸೇರಿದವಳು. ಕಥೆಯನ್ನು ಕಾರ್ಗಿಲ್‌ನಿಂದ ಪರಾಕ್ರಮ್‌ಗೆ ಸರಿಸುವುದಕ್ಕೆ ಮನಸ್ಸು ಒಲಿದಿದೆ, ಏಕೆಂದರೆ ಸನ್ಮಾನವಿಲ್ಲದ ನಾಯಕನಿಗೆ ಊರಿನ ಮುಂದೆ ನಿಲ್ಲಲು ಹಾರದ ಆಸರೆಯೂ ಇರುವುದಿಲ್ಲ. ‘ಬಿಸಿಲೂರು’ ಅವರ ಆಕ್ಷೇಪವೂ ಇದರಿಂದ ಅರ್ಧ ತಗ್ಗೀತು. ಉಳಿದರ್ಧವನ್ನು ಅವರು ಹಸ್ತಪ್ರತಿ ಓದಿದ ಮೇಲೆ ಎತ್ತಲಿ.

ಹವಾಲ್ದಾರ್ ಸಾಹೇಬರಲ್ಲಿ ಇನ್ನೊಂದು ವಿಚಾರ. ನಿಶ್ಚಯ ಮುರಿದ ಸುದ್ದಿ ತಿಳಿಯುವ ಮೊದಲೇ ಅವಳು ಅವನಿಗೊಂದು ಪತ್ರ ಹಾಕಿರುತ್ತಾಳೆ. ಅವನು ಆಸ್ಪತ್ರೆ ಸೇರಿರುವಾಗ ಘಟಕದ ವಿಳಾಸಕ್ಕೆ ಹೋದ ಆ ಪತ್ರದ ಗತಿ ಏನಾಗುತ್ತದೆ?

ಮಾಜಿ ಹವಾಲ್ದಾರ್, ಹುಮನಾಬಾದ್:

ಘಟಕದ ಹೆಸರು ಬರೆದು ‘56 ಎಪಿಒ’ ಅಥವಾ ‘99 ಎಪಿಒ’ (ಸೇನಾ ಅಂಚೆ ಕಚೇರಿ) ಎಂದು ಹಾಕಿದ ಪತ್ರ ಮೊದಲು ಅವನ ಪಲ್ಟನ್ನಿಗೇ ಹೋಗುತ್ತದೆ. ಅಲ್ಲಿನ ಜೊತೆಗಾರರು ಯಾವ ಆಸ್ಪತ್ರೆ ಎಂದು ಕೇಳಿ ಮುಂದಕ್ಕೆ ಕಳುಹಿಸಬಹುದು, ಇಲ್ಲವೇ ಯಾರಾದರೂ ರಜೆಗೆ ಹೊರಟವನ ಕೈಗೆ ಕೊಟ್ಟು ತಲುಪಿಸಬಹುದು. ತಡವಾಗುವುದು ಸಹಜ, ಆದ್ದರಿಂದ ಎಷ್ಟು ತಡವಾಗಬೇಕೆಂಬುದನ್ನು ನಿಮ್ಮ ಕಥೆಗೆ ಬೇಕಾದಂತೆ ನೀವೇ ಇಟ್ಟುಕೊಳ್ಳಿ. ಬಾಂಬು ಹೂಳುವ ಮತ್ತು ತೆಗೆಯುವ ಕ್ರಮದ ಬಗ್ಗೆ ಬರೆಯುವ ಅಧ್ಯಾಯ ಸಿದ್ಧವಾದಾಗ ತಿಳಿಸಿರಿ, ಓದಿ ಹೇಳುತ್ತೇನೆ.