ದೋಸೆ ಸ್ಟಾಲ್ ಹಾಕುವ ಮೊದಲು: ಇಂಗ್ಲೆಂಡಿನ ಕೌನ್ಸಿಲ್ ನಿಯಮ, ಜೊತೆಗೆ ಮಕ್ಕಳ ವಿಷಯ

ಶನಿವಾರ ಹೈಸ್ಟ್ರೀಟಲ್ಲಿ ದೋಸೆ, ಪಡ್ಡು ಸ್ಟಾಲ್ ಹಾಕಬೇಕು, ಮಕ್ಕಳೂ ಜೊತೆಗೆ ನಿಂತು ನಾಲ್ಕು ಜನರ ಹತ್ತಿರ ಮಾತಾಡೋದು ಕಲಿಯಲಿ ಅನ್ನೋ ಆಸೆ ನಮ್ಮ ಗುಂಪಿನಲ್ಲಿ ಹಲವರಿಗಿದೆ. ತುಂಬಾ ಒಳ್ಳೆಯ ಆಸೆ. ಆದರೆ ತವಾ, ಟೆಂಟು ಕೊಳ್ಳುವ ಮುಂಚೆ ಒಂದು ವಿಷಯ ಗೊತ್ತಿರಲಿ. ಅಡುಗೆಗೆ ಒಂದು ಕಾಗದ, ಜಾಗಕ್ಕೆ ಇನ್ನೊಂದು, ಮಕ್ಕಳಿಗೆ ಮತ್ತೊಂದು. ಒಂದು ಸಿಕ್ಕರೆ ಉಳಿದವು ಸಿಕ್ಕ ಹಾಗಲ್ಲ.

ಅಡುಗೆಯದು ಸುಲಭ. ವ್ಯಾಪಾರ ಶುರುವಾಗುವ 28 ದಿನ ಮೊದಲು ಫುಡ್ ರಿಜಿಸ್ಟ್ರೇಷನ್ ಮಾಡಿಸಬೇಕು. ದುಡ್ಡಿಲ್ಲ, ಯಾರೂ ನಿರಾಕರಿಸುವಂತೆಯೂ ಇಲ್ಲ. ಮನೆ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುತ್ತೀರಿ ಅಂದರೆ ಮನೆ ಯಾವ ಕೌನ್ಸಿಲ್‌ಗೆ (ಸ್ಥಳೀಯ ಆಡಳಿತ ಸಂಸ್ಥೆಗೆ) ಸೇರಿದೆಯೋ ಅಲ್ಲೇ ರಿಜಿಸ್ಟ್ರೇಷನ್. ಇಷ್ಟಾದ ಮೇಲೆ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಜಾಸ್ತಿ.

ಬೀದಿಯಲ್ಲಿ ನಿಲ್ಲುವ ಅನುಮತಿ ಬೇರೆಯೇ. ಅದನ್ನು ಕೊಡುವುದು ನೀವು ಮಾರುವ ಜಾಗದ ಕೌನ್ಸಿಲ್. ಲಂಡನ್ನಿಗೆ ಪ್ರತ್ಯೇಕ ಕಾನೂನುಗಳಿವೆ. ಉಳಿದ ಕಡೆ ಹೆಚ್ಚಿನ ಕೌನ್ಸಿಲ್‌ಗಳು 1982ರ ಸ್ಥಳೀಯ ಆಡಳಿತ ಕಾಯ್ದೆಯಂತೆ ಬೀದಿಗಳನ್ನು ಮೂರು ಬಗೆ ಮಾಡುತ್ತವೆ: ವ್ಯಾಪಾರ ನಿಷೇಧವಿರುವವು, ಲೈಸೆನ್ಸ್ ಬೇಕಾದವು, ಕನ್ಸೆಂಟ್ (ಕೌನ್ಸಿಲ್‌ನ ಒಪ್ಪಿಗೆ) ಬೇಕಾದವು. ಲೈಸೆನ್ಸ್ ನಿರಾಕರಿಸಿದರೆ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು. ಕನ್ಸೆಂಟ್‌ಗೆ ಆ ದಾರಿ ಇಲ್ಲ. ಅದು ಹೆಚ್ಚೆಂದರೆ 12 ತಿಂಗಳದ್ದು, ಕೌನ್ಸಿಲ್ ಯಾವಾಗ ಬೇಕಾದರೂ ವಾಪಸ್ ಪಡೆಯಬಹುದು. ಹಾಗಾಗಿ ಕನ್ಸೆಂಟ್ ನಂಬಿ ಸಾಲ ಮಾಡಿ ವ್ಯಾನ್ ಕೊಳ್ಳಬೇಡಿ ಅಂತ ಕಳಕಳಿಯಿಂದ ಹೇಳುತ್ತೇನೆ.

"ನಾವು ರಸ್ತೆಯಲ್ಲಿ ನಿಲ್ಲಲ್ಲ, ಹಾಲ್ ಮುಂದಿನ ಕಾರ್ ಪಾರ್ಕಲ್ಲಿ ನಿಲ್ಲುತ್ತೇವೆ" ಅನ್ನುವವರು ಇದ್ದಾರೆ. ಆದರೆ ಜನ ದುಡ್ಡು ಕೊಡದೆ ಓಡಾಡಬಹುದಾದ ಯಾವ ಜಾಗವೂ ಈ ಕಾಯ್ದೆಯಲ್ಲಿ ಬೀದಿಯೇ. ಖಾಸಗಿ ಜಾಗ ಅನ್ನುವುದು ರಕ್ಷಣೆ ಅಲ್ಲ. ಅನುಮತಿ ಇಲ್ಲದೆ ಮಾರಿದರೆ 1,000 ಪೌಂಡ್ ತನಕ ದಂಡ ಬೀಳಬಹುದು. ರಾತ್ರಿ 11ರಿಂದ ಬೆಳಗ್ಗೆ 5ರೊಳಗೆ ಬಿಸಿ ಕಾಫಿ, ತಿಂಡಿ ಮಾರುವುದಕ್ಕೆ ಮತ್ತೊಂದು ಲೈಸೆನ್ಸ್ ಬೇಕು.

ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಯಾರಾದರೂ ನಡೆಸುತ್ತಿರುವ ಮಾರ್ಕೆಟಲ್ಲಿ ಒಂದು ಜಾಗ ಬಾಡಿಗೆಗೆ ಹಿಡಿಯಿರಿ. ಜಾಗದ ಅನುಮತಿಯನ್ನು ಸಾಮಾನ್ಯವಾಗಿ ನಡೆಸುವವರೇ ನೋಡಿಕೊಂಡಿರುತ್ತಾರೆ. ಆದರೂ ಕೇಳಿ, ಬರಹದಲ್ಲಿ ಪಡೆಯಿರಿ.

ಅಲರ್ಜಿ ವಿಷಯವನ್ನು ದಯವಿಟ್ಟು ಹಗುರ ಮಾಡಬೇಡಿ. ಇಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ, ಅದರಲ್ಲಿ ಸಾಸಿವೆ ಇದೆ! ಅಂದರೆ ನಮ್ಮ ಒಗ್ಗರಣೆಯೇ ಪಟ್ಟಿಯಲ್ಲಿದೆ. ಕಡಲೆಬೀಜ, ಗೋಡಂಬಿ, ಎಳ್ಳು, ಹಾಲು (ಅಂದರೆ ತುಪ್ಪವೂ) ಎಲ್ಲವೂ ಇವೆ. ಅಂಗಡಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ. ಅದನ್ನು ಹಾಕಿದ ಸಾಂಬಾರನ್ನು ಗ್ಲುಟನ್ ಇಲ್ಲದ್ದು ಅಂತ ಕೊಟ್ಟರೆ ಯಾರಿಗಾದರೂ ನಿಜವಾಗಿಯೂ ತೊಂದರೆಯಾಗುತ್ತದೆ. ಚಕ್ಕುಲಿ, ಕೋಡುಬಳೆ ಮೊದಲೇ ಪ್ಯಾಕ್ ಮಾಡಿ ತಂದು ಮಾರಿದರೆ, 2021ರ ಅಕ್ಟೋಬರ್‌ನಿಂದ ಪ್ರತಿ ಪ್ಯಾಕಿನ ಮೇಲೂ ಪೂರ್ತಿ ಪದಾರ್ಥಗಳ ಪಟ್ಟಿ ಇರಲೇಬೇಕು.

ಈಗ ಮಕ್ಕಳು. ಇದನ್ನು ಯಾರೂ ಕೇಳುವುದೇ ಇಲ್ಲ, ನನಗೆ ಹೆಚ್ಚು ಚಿಂತೆ ಇರುವುದೂ ಇಲ್ಲೇ. 1933ರ ಮಕ್ಕಳ ಕಾಯ್ದೆ ಶಾಲಾ ವಯಸ್ಸಿನ ಮಕ್ಕಳು ಬೀದಿ ವ್ಯಾಪಾರ ಮಾಡುವುದನ್ನು ನಿಷೇಧಿಸಿದೆ. ಸ್ಟಾಲ್ ಹಾಕುವ ಜಾಗದ ಕೌನ್ಸಿಲ್‌ನ ಬೈಲಾ (ಅದು ಮಾಡಿದ ಸ್ಥಳೀಯ ನಿಯಮ) ಅನುಮತಿಸಿದ್ದರೆ ಮಾತ್ರ 14 ತುಂಬಿದವರು ಅಪ್ಪ ಅಮ್ಮನ ಸ್ಟಾಲಲ್ಲಿ ಕೆಲಸ ಮಾಡಬಹುದು. "ನಾವು ಸಂಬಳ ಕೊಡಲ್ಲ, ಸುಮ್ನೆ ಸಹಾಯ ಮಾಡ್ತಾಳೆ" ಅನ್ನುವ ಮಾತು ನಿಲ್ಲುವುದಿಲ್ಲ. ಲಾಭಕ್ಕಾಗಿ ನಡೆಯುವ ವ್ಯಾಪಾರದಲ್ಲಿ ಕೈಜೋಡಿಸಿದರೆ, ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಶಾಲಾ ವಯಸ್ಸಿನ ಮಗು ಬೀದಿಯಲ್ಲದ ಕಡೆ ಕೆಲಸ ಮಾಡುವುದಕ್ಕೂ ಸಾಮಾನ್ಯವಾಗಿ ಕೌನ್ಸಿಲ್‌ನ ಕೆಲಸದ ಪರ್ಮಿಟ್ ಬೇಕು. ಬೆಳಗ್ಗೆ 7ಕ್ಕೆ ಮೊದಲು, ಸಂಜೆ 7ರ ನಂತರ ಇಲ್ಲ. ಶಾಲೆ ಇರುವ ದಿನವಾಗಲಿ, ಭಾನುವಾರವಾಗಲಿ, ದಿನಕ್ಕೆ ಹೆಚ್ಚೆಂದರೆ 2 ಗಂಟೆ ಮಾತ್ರ.

ನಮ್ಮ ಊರಿನಲ್ಲಿ ಅಂಗಡಿ ಮನೆಯ ಮಕ್ಕಳು ಗಲ್ಲಾ ಪೆಟ್ಟಿಗೆ ಪಕ್ಕದಲ್ಲೇ ಲೆಕ್ಕ ಕಲಿತು ಬೆಳೆದವರು. ಆ ಕಲಿಕೆ ನನಗೂ ಬೇಕು. ಮೆನು ಬೋರ್ಡ್ ಕನ್ನಡದಲ್ಲೂ ಬರೆಯುವುದು, ಖರ್ಚಿನ ಲೆಕ್ಕ ಹಾಕುವುದು, ಇವನ್ನು ಮನೆಯಲ್ಲಿ ಕೂತು ಮಾಡಿಸಿ. ಕಾನೂನು ಮುಖ್ಯವಾಗಿ ತಡೆಯುವುದು ಸ್ಟಾಲಿನಲ್ಲಿ ನಿಲ್ಲಿಸುವುದನ್ನು.

ಕೊನೆಗೆ ವೀಸಾ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಸ್ಕಿಲ್ಡ್ ವರ್ಕರ್ ವೀಸಾ ಇರುವವರ ಗಂಡ ಅಥವಾ ಹೆಂಡತಿ ಡಿಪೆಂಡೆಂಟ್ ವೀಸಾದಲ್ಲಿದ್ದರೆ ಅವರು ಮಾಡಬಹುದು. ಸ್ಟಾಲ್ ಅವರ ಹೆಸರಲ್ಲೇ ಇರಲಿ.

ನಿಮ್ಮ ಕೌನ್ಸಿಲ್‌ನ ಬೈಲಾದಲ್ಲಿ 14ರ ರಿಯಾಯಿತಿ ಇದೆಯಾ ಅಂತ ನೋಡಿದವರು ಕೌನ್ಸಿಲ್ ಹೆಸರಿನ ಸಮೇತ ಬರೆಯಿರಿ. ಪಕ್ಕದ ಊರಿನವರಿಗೆ ಉಪಯೋಗವಾಗುತ್ತದೆ.