ಪಿಸಿ ಪೋರ್ಟ್: ಹಾಸ್ಟೆಲ್ ಗುಂಪಿನ ಜಗಳ

ಗುಂಡ: ನಾನು ಗುಂಪಿಗೆ ಹಾಕಿರುವ ಸ್ಲೈಡ್ ನೋಡಿ. 2022ರಲ್ಲಿ ಪ್ಲೇಸ್ಟೇಷನ್ ಮಾಡುವ ಸೋನಿಯವರೇ ತೋರಿಸಿದ್ದು. ಪಿಸಿ ಆಟಗಳಿಂದ ಒಂದು ವರ್ಷ 3.5 ಕೋಟಿ ಡಾಲರ್, ಮರುವರ್ಷ 8 ಕೋಟಿ, ಅದರ ಮುಂದಿನ ವರ್ಷಕ್ಕೆ 30 ಕೋಟಿ ಅಂತ ಅಂದಾಜು. ಪ್ಲೇಸ್ಟೇಷನ್ ಆಟವನ್ನು ಪಿಸಿಯಲ್ಲೂ ಓಡುವಂತೆ ಮಾಡುವುದು, ಅಂದರೆ ಪೋರ್ಟ್ ಮಾಡುವುದು, ದಂಡ ಅಂದವರು ಎಲ್ಲಿ?

ಕನ್ನಡಕ: ಇಲ್ಲೇ ಇದ್ದೀನಿ. ಅದು ಮಾರಾಟದ ಲೆಕ್ಕ ಕಣೋ, ಲಾಭದ್ದಲ್ಲ. ಸ್ವಂತ ಅಂಗಡಿಯಲ್ಲಿ ಮಾರಿದರೆ ಪೂರ್ತಿ ದುಡ್ಡು ಸೋನಿಗೆ. ಸ್ಟೀಮ್ ಅನ್ನುವ ಪಿಸಿ ಆಟಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಿದರೆ ಮೊದಲು 30% ಸ್ಟೀಮ್‌ನವರಿಗೆ, 1 ಕೋಟಿ ಡಾಲರ್ ದಾಟಿದ ಮೇಲೆ 25%, 5 ಕೋಟಿ ದಾಟಿದರೆ 20%.

ಗುಂಡ: ಕೊಡಲಿ ಬಿಡು. ಸೋನಿಯ ಗಾಡ್ ಆಫ್ ವಾರ್ ಆಟ ಪಿಎಸ್4ಗೆ, ಅಂದರೆ ಪ್ಲೇಸ್ಟೇಷನ್ 4ಕ್ಕೆ, ಬಂದದ್ದು 2018ರಲ್ಲಿ, ಪಿಸಿಗೆ 2022ರ ಜನವರಿಯಲ್ಲಿ. ಮಾರ್ಚ್ ಮುಗಿಯುವಷ್ಟರಲ್ಲಿ 9.71 ಲಕ್ಷ ಪ್ರತಿ ಹೋಗಿತ್ತು. ಆಟ ಮಾಡಿದ ಖರ್ಚು ಯಾವತ್ತೋ ಹುಟ್ಟಿದೆ, ಮತ್ತೆ ಕಥೆ ಬರೆಸಬೇಕಾ, ನಟರಿಗೆ ಸಂಬಳ ಕೊಡಬೇಕಾ?

ಉದ್ದ: ಪಿಎಸ್4 ಒಳಗಿರುವುದೂ ಎಕ್ಸ್86 ಚಿಪ್ಪೇ, ನಮ್ಮ ಪಿಸಿ ತರಹ. ಪಿಎಸ್3ರಲ್ಲಿದ್ದ ಸೆಲ್ ಅನ್ನುವ ಬೇರೆಯೇ ಜಾತಿಯ ಚಿಪ್ಪಿನ ಕಾಲದ ತಲೆನೋವು ಈಗಿಲ್ಲ.

ಶೆಟ್ರು: ಸುಲಭ ಅಂದುಕೊಂಡೇ ಕೆಟ್ಟಿದ್ದು ಮಾರಾಯ. 2015ರಲ್ಲಿ ಬ್ಯಾಟ್‌ಮ್ಯಾನ್ ಆರ್ಕಮ್ ನೈಟ್ ಪಿಸಿಗೆ ಬಂತು, ನೆಟ್ಟಗೆ ಓಡಲೇ ಇಲ್ಲ, ಕೆಲವೇ ದಿನಗಳಲ್ಲಿ ಮಾರಾಟ ನಿಲ್ಲಿಸಿ ಅಕ್ಟೋಬರ್‌ವರೆಗೆ ರಿಪೇರಿ ಮಾಡುತ್ತಾ ಕೂತರು. 2023ರಲ್ಲಿ ಲಾಸ್ಟ್ ಆಫ್ ಅಸ್ ಕಥೆಯೂ ಅಷ್ಟೇ. ಮೊದಲ ಸಲ ತೆರೆದರೆ ಆಟ ಇಲ್ಲ, ಮೆನುವಿನಲ್ಲಿ ಶೇಡರ್ (ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಮ್) ತಯಾರಾಗುವ ಪರ್ಸೆಂಟ್ ಮಾತ್ರ ಆಮೆ ತರಹ ಏರುತ್ತಿತ್ತು. ಸ್ಟೀಮ್‌ನಲ್ಲಿ ದುಡ್ಡು ವಾಪಸ್ ಕೇಳುವುದಕ್ಕೆ ಎರಡು ಗಂಟೆ ಆಟದ ಮಿತಿ ಇದೆ ಅಲ್ವಾ, ಆ ಹೊತ್ತು ಇದನ್ನು ನೋಡುವುದರಲ್ಲೇ ಕರಗುತ್ತಿತ್ತು.

ಗುಂಡ: ಅದು ಕೆಲಸ ಕೆಡಿಸಿದವರ ತಪ್ಪು. ಸೋನಿ 2021ರಲ್ಲಿ ನಿಕ್ಸೆಸ್ ಅನ್ನುವ ಡಚ್ ಕಂಪನಿಯನ್ನೇ ಕೊಂಡುಕೊಂಡಿತು, ಪೋರ್ಟಿಂಗ್‌ನಲ್ಲಿ ಪಳಗಿದ ಕೈ ಅದು. ಸುಮ್ನೆ ಕೊಳ್ಳುತ್ತಾರಾ?

ಕನ್ನಡಕ: ಪಳಗಿದ ಕೈಗೆ ಸಂಬಳ ಬೇಡವಾ? ಅದೂ ಇರಲಿ, ನನ್ನ ತಕರಾರೇ ಬೇರೆ. ಬೇರೆ ಕಂಪನಿಗಳ ಆಟ ಪ್ಲೇಸ್ಟೇಷನ್‌ನಲ್ಲಿ ಮಾರಾಟವಾದಾಗಲೂ ಸೋನಿಗೆ ಪಾಲು ಸಿಗುತ್ತದೆ. ಎಲ್ಲಾ ಪಿಸಿಗೇ ಬರುತ್ತೆ ಅಂತ ಒಬ್ಬ ಪಿಎಸ್5 ಕೊಳ್ಳುವುದನ್ನೇ ಬಿಟ್ಟರೆ, ಹೋದದ್ದು ಒಂದು ಆಟದ ಕಾಸಲ್ಲ, ಅವನು ಮುಂದೆ ಕೊಳ್ಳುವ ಅಷ್ಟೂ ಆಟಗಳ ಪಾಲು. ಇದು ಯಾವ ಸ್ಲೈಡಿನಲ್ಲಿದೆ ತೋರಿಸು.

ಗುಂಡ: ಅದಕ್ಕೇ ತಾನೇ ವರ್ಷಗಟ್ಟಲೆ ಕಾಯಿಸುವುದು! ಅಷ್ಟು ಕಾದವನು ಹೇಗೂ ಪಿಎಸ್ ಕೊಳ್ಳುವ ಗಿರಾಕಿ ಅಲ್ಲ.

ಉದ್ದ: ಹೆಲ್‌ಡೈವರ್ಸ್ 2 ಕಾಯಿಸಲಿಲ್ಲವಲ್ಲ. 2024ರ ಫೆಬ್ರವರಿಯಲ್ಲಿ ಪಿಎಸ್5, ಪಿಸಿ ಎರಡಕ್ಕೂ ಒಂದೇ ದಿನ, 12 ವಾರಕ್ಕೆ 1.2 ಕೋಟಿ ಪ್ರತಿ.

ಕನ್ನಡಕ: ಅದು ಆನ್‌ಲೈನ್ ಆಟ, ಜನ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಪಿಸಿಯವರಿಗೂ ಪಿಎಸ್‌ಎನ್ (ಸೋನಿಯ ಆನ್‌ಲೈನ್ ಸೇವೆ) ಖಾತೆ ಕಡ್ಡಾಯ ಅಂದಾಗ ಎಷ್ಟು ಉಗಿಸಿಕೊಂಡರು, ಅದನ್ನೂ ಹೇಳು. ಒಬ್ಬನೇ ಆಡುವ ಆಟಕ್ಕೆ ಆ ಲೆಕ್ಕ ನಡೆಯುವುದಿಲ್ಲ.

ಶೆಟ್ರು: ಗುಂಡ, ಆ 9.71 ಲಕ್ಷದಲ್ಲಿ ನೀನೂ ಒಬ್ಬನಾ?

ಗುಂಡ: ಇಲ್ಲ, ಸೇಲ್ ಬಂದಾಗ ತಗೊಂಡೆ.

ಕನ್ನಡಕ: ಪೂರ್ತಿ ಬೆಲೆ ಕೊಟ್ಟವನನ್ನು ಕರೆದುಕೊಂಡು ಬಾ, ಆಮೇಲೆ ಮಾತಾಡೋಣ.